ತಿಳಿನೀರಿನ ಕೆಸ

ಮದುವೆಯಾಗಿ ಬಂದ ನಾಲ್ಕನೆಯ ದಿನ ನನಗೆ ಅತ್ತೆಮನೆಯ ಮೊದಲ ಆಘಾತವಾಯಿತು. ಹಿಂದಿನ ಎರಡು ದಿನವೂ ನಾನು ಅತ್ತೆ ಮಾಡಿದ ಕೆಸವಿನ ಗೆಡ್ಡೆಯ ಸಾರನ್ನು ಮುದ್ದೆಯ ಜೊತೆ ನಾಚಿಕೆ ಬಿಟ್ಟು ಎರಡೆರಡು ಸಲ ಬಡಿಸಿಕೊಂಡು ಉಂಡಿದ್ದೆ. ಹೊಸ ಸೊಸೆ ಹಾಗೆ ಉಣ್ಣಬಾರದು ಅಂತ ನನಗೂ ಗೊತ್ತಿತ್ತು. ಆದರೆ ಹುಣಸೆಹುಳಿಯಲ್ಲಿ ಬೆಂದ ಆ ಗೆಡ್ಡೆ ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗುತ್ತಿತ್ತು, ನಾನೇನು ಮಾಡಲಿ? ನಾಲ್ಕನೆಯ ದಿನ ಅತ್ತೆ ಕೈಗೆ ಕುಕ್ಕೆ ಕೊಟ್ಟು, ಹಿತ್ತಲಿಗೆ ಹೋಗಿ ನಾಲ್ಕು ಗೆಡ್ಡೆ ಕಿತ್ತುಕೊಂಡು ಬಾ ಅಂದರು.

ಹಿತ್ತಲಲ್ಲಿ ಬಾಳೆ, ಪರಂಗಿ, ನುಗ್ಗೆ, ಅರಿಶಿನದ ಪಾತಿ ಎಲ್ಲ ಇದ್ದವು. ಕೆಸ ಮಾತ್ರ ಕಾಣಲಿಲ್ಲ. ಹುಡುಕುತ್ತಾ ಬಚ್ಚಲುಮನೆಯ ಹಿಂದಕ್ಕೆ ಬಂದೆ. ಗೋಡೆಯ ತೂತಿನಿಂದ ಕರ್ರಗಿನ ನೀರು ಇಳಿದು ಒಂದು ಗುಂಡಿಗೆ ಬೀಳುತ್ತಿತ್ತು. ಮನೆಮಂದಿಯ ಮೈಕೊಳೆ, ಸೀಗೆಪುಡಿ, ಪಾತ್ರೆ ತಿಕ್ಕಿದ ಬೂದಿ ಎಲ್ಲ ಅದರಲ್ಲಿ. ಆ ಕೆಸರಿನ ನಡುವೆ ಮೊರದಗಲದ ಎಲೆ ಬಿಟ್ಟುಕೊಂಡು ಕೆಸ ನಿಂತಿತ್ತು. ನಾನು ಎರಡು ದಿನ ಚಪ್ಪರಿಸಿದ್ದು ಇದನ್ನೇ! ಅಲ್ಲೇ ಪರಂಗಿ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡೆ. ನಾಲ್ಕೇ ದಿನಕ್ಕೆ ಇದೇನು ಅಂತ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕತ್ತು ಚಾಚಿದಳು.

ನಾನು ಮಂಡ್ಯದಲ್ಲಿ ಬೆಳೆದವಳು. ಅಪ್ಪ ನೌಕರಿಯಲ್ಲಿದ್ದರು, ನನ್ನನ್ನು ಮಿಡ್ಲ್ ಸ್ಕೂಲಿನವರೆಗೆ ಓದಿಸಿದ್ದರು. ಆರೋಗ್ಯದ ಪಾಠವನ್ನು ಬಾಯಿಪಾಠ ಮಾಡಿ ಟೀಚರಿಂದ ಶಭಾಷ್ ಅನ್ನಿಸಿಕೊಂಡಿದ್ದೆ. ಚಿಕ್ಕರಸಿನಕೆರೆಯ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬರುವಾಗ ಆ ಶಭಾಷನ್ನು ಪೆಟ್ಟಿಗೆಯಲ್ಲಿ ಸೀರೆಗಳ ಜೊತೆ ಇಟ್ಟುಕೊಂಡೇ ಬಂದಿದ್ದೆ. ಬಚ್ಚಲ ಕೆಸ ತಿನ್ನುವವರನ್ನು ಕಂಡರೆ ನನಗೆ ಕನಿಕರ, ಅಸಹ್ಯ ಎರಡೂ ಒಟ್ಟಿಗೇ ಬರುತ್ತಿದ್ದವು. ಊರಲ್ಲಿ ಎಲ್ಲರದ್ದೂ ಅದೇ ಪದ್ಧತಿ. ಯಾರ ಬಚ್ಚಲ ಹಿಂದೆ ಕೆಸ ಜೋರಾಗಿದೆಯೋ ಆ ಮನೆ ತುಂಬಿದ ಮನೆ ಅಂತ ಲೆಕ್ಕ.

ತಿನ್ನದೆ ಇರುವ ಹಾಗೂ ಇರಲಿಲ್ಲ. ಯುದ್ಧದ ಕಾಲ. ನಾಲೆ ನೀರು ಬಂದು ಗದ್ದೆ ತುಂಬ ಭತ್ತ ಬೆಳೆದರೂ, ಮನೆಗೆ ಎಷ್ಟು ಉಳಿಸಿಕೊಳ್ಳಬೇಕು ಅನ್ನುವುದನ್ನು ಸರ್ಕಾರದವರು ಬಂದು ಹೇಳುತ್ತಿದ್ದರು. ಗೆಣಸು, ಮರಗೆಣಸು, ಸುವರ್ಣಗೆಡ್ಡೆ, ಕೆಸ, ಇವೇ ನಮ್ಮ ಹೊಟ್ಟೆಯ ಅರ್ಧ ತುಂಬಿಸುತ್ತಿದ್ದದ್ದು. ಒಂದು ವರ್ಷ ಮೂಗು ಮುಚ್ಚಿಕೊಂಡು ಉಂಡೆ. ಎರಡನೆಯ ಯುಗಾದಿಗೆ ತಡೆಯಲಾರದೆ ಯಜಮಾನರಿಗೆ ದುಂಬಾಲು ಬಿದ್ದೆ.

ಹಿತ್ತಲ ಕೊನೆಯಲ್ಲಿ, ಬೇಲಿಗೆ ತಾಗಿಕೊಂಡು, ಗದ್ದೆಗೆ ಹೋಗುವ ಸಣ್ಣ ಕಾಲುವೆ ಹರಿಯುತ್ತಿತ್ತು. ಅದರ ಪಕ್ಕ ಮೊಣಕಾಲುದ್ದ ಗುಂಡಿ ತೋಡಿಸಿ, ಬೇಲಿಯ ಕೆಳಗೆ ಒಂದು ಕಂಡಿ ಬಿಡಿಸಿ, ನಾಲೆಯ ನೀರನ್ನೇ ಒಳಕ್ಕೆ ತಂದೆ. ಸುತ್ತ ಮರಿಗೆಡ್ಡೆ ನೆಟ್ಟೆ. ಗುಂಡಿಯ ಅಂಚಿಗೆ ಒಂದು ಚಪ್ಪಡಿ ಕಲ್ಲು ಹಾಕಿಸಿದೆ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಹರಳನ್ನು ಎಣಿಸಬಹುದಿತ್ತು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲ ನೋಡಿ, ಕೆಸಕ್ಕೂ ಮಡಿ ಉಡಿಸುವ ಸೊಸೆಯನ್ನು ಪಡೆದು ಬಂದಿದ್ದೇನೆ ಅಂತ ಊರಿಗೆಲ್ಲ ಹೇಳಿಕೊಂಡು ನಕ್ಕರು. ಅವರು ಬೈದಿದ್ದರೆ ನಾನು ಜಗಳವಾಡಬಹುದಿತ್ತು. ನಕ್ಕರು, ಅದಕ್ಕೇ ನನಗೆ ಹೆಚ್ಚು ಉರಿಯಿತು.

ಆ ಶ್ರಾವಣದಲ್ಲಿ ನಾದಿನಿ ಮೊದಲ ಬಾಣಂತನಕ್ಕೆ ತವರಿಗೆ ಬಂದಳು. ಮಳವಳ್ಳಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಏಳನೆಯ ತಿಂಗಳು ನಡೆಯುತ್ತಿತ್ತು. ನನ್ನ ವಾರಿಗೆಯವಳು. ಈ ಮನೆಯಲ್ಲಿ ನನ್ನ ಮಾತಿಗೆ ತಲೆದೂಗಿದ ಒಬ್ಬಳೇ ಒಬ್ಬಳು ಅವಳು. ಓದು ಬರುತ್ತಿರಲಿಲ್ಲ, ಅದಕ್ಕೆ ನಾನು ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದದ್ದು ಅಂತಲೇ ನಂಬುತ್ತಿದ್ದಳು. ಅವಳಿಗೆ ಕೆಸವಿನ ಬಯಕೆ. ಸೊಪ್ಪಿನ ಹುಳಿ ಬೇಕು, ದಂಟಿನ ಪಲ್ಯ ಬೇಕು. ಬಚ್ಚಲದ್ದನ್ನು ಬದಿಗೆ ತಳ್ಳಿ, ಅತ್ಗೆದೇ ರುಚಿ ಅಂತ ತಾಯಿಯ ಎದುರಿಗೇ ಹೇಳಿಬಿಟ್ಟಳು. ಆ ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಅವಳ ಪಾದ ಊದಿಕೊಳ್ಳುತ್ತಿತ್ತು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನೇ ಕೈಹಿಡಿದು ಕರೆದುಕೊಂಡು ಹೋಗಿ ಆ ಚಪ್ಪಡಿಯ ಮೇಲೆ ಕೂರಿಸುತ್ತಿದ್ದೆ. ಕಾಲು ನೀರಲ್ಲಿ ಬಿಡು, ತಣ್ಣಗಾಗುತ್ತೆ ಅನ್ನುತ್ತಿದ್ದೆ. ಕತ್ತಲಾಗುವ ತನಕ ಕೂತು ಹರಟುತ್ತಿದ್ದೆವು. ಸೀಮೆಎಣ್ಣೆಗೂ ಬರ ಇದ್ದ ಕಾಲ, ಒಳಗೆ ಹೋದರೂ ಬೆಳಕೇನೂ ಇರುತ್ತಿರಲಿಲ್ಲ. ಸೊಳ್ಳೆ ಕಚ್ಚಿದರೆ ಸೆರಗು ಬೀಸಿಕೊಳ್ಳುತ್ತಿದ್ದಳು. ನಾನೇ ಕೂರಿಸಿದೆ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ.

ಗೌರಿಹಬ್ಬ ಕಳೆದ ವಾರಕ್ಕೆ ಅವಳಿಗೆ ಚಳಿಜ್ವರ ಬಂತು. ನಾಲೆ ಬಂದಮೇಲೆ ನಮ್ಮ ಸೀಮೆಗೆ ಚಳಿಜ್ವರ ಹೊಸದೇನಲ್ಲ, ಮನೆಗೊಬ್ಬರಾದರೂ ನಡುಗುತ್ತಾ ಮಲಗಿರುತ್ತಿದ್ದರು. ದಿನ ಬಿಟ್ಟು ದಿನ ಬರುತ್ತಿತ್ತು. ಮೂರು ಕಂಬಳಿ ಹೊದಿಸಿ ನಾನು ಮೇಲೆ ಬಿದ್ದು ಹಿಡಿದುಕೊಂಡರೂ ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಯುದ್ಧದಿಂದಾಗಿ ಕ್ವಿನೈನ್ ಸಿಗುತ್ತಿರಲಿಲ್ಲ. ಯಜಮಾನರು ಮದ್ದೂರಿಗೆ ಮೂರು ಸಲ ಓಡಾಡಿ ಹೇಗೋ ನಾಲ್ಕು ಗುಳಿಗೆ ತಂದರು. ಹೆರಿಗೆ ಮಾಡಿಸುವ ಮುದುಕಿ ಅದನ್ನು ಮುಟ್ಟಗೊಡಲಿಲ್ಲ, ಕಹಿ ಗುಳಿಗೆ ಗರ್ಭ ಇಳಿಸುತ್ತೆ ಅಂದಳು. ಗುಳಿಗೆ ಗೂಡಿನಲ್ಲೇ ಉಳಿಯಿತು. ಎಂಟನೆಯ ತಿಂಗಳಲ್ಲಿ, ಹಾಡುಹಗಲಲ್ಲಿ, ಗಂಡುಮಗು ಹುಟ್ಟಿತು. ಅಳಲಿಲ್ಲ. ಕೈಕಾಲು ಬೆರಳು ರೆಪ್ಪೆ ಕೂದಲು ಎಲ್ಲ ತಿದ್ದಿ ಮಾಡಿದ ಹಾಗಿತ್ತು. ಬೆನ್ನು ತಟ್ಟಿದರು, ತಣ್ಣೀರು ಚಿಮುಕಿಸಿದರು. ಅಳಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ, ಯಾರೋ ಬೆರಳು ಬಿಡಿಸಬೇಕಾಯಿತು.

ನಾದಿನಿಯ ಅತ್ತೆ ಬಂದರು. ಒಳಗೆ ಬಂದು ಕೂರಲಿಲ್ಲ. ತಮ್ಮ ವಂಶದಲ್ಲಿ ಹೀಗೆ ಯಾರಿಗೂ ಆಗಿರಲಿಲ್ಲ, ಇವಳ ಹೊಟ್ಟೆಯ ದೋಷವೇ ಇರಬೇಕು ಅಂತ ಜಗುಲಿಯ ಮೇಲೆ ನಿಂತೇ ಹೇಳಿ ಹೊರಟುಹೋದರು. ನಾದಿನಿ ಒಳಗೆ ಮಲಗಿ ಅಷ್ಟನ್ನೂ ಕೇಳಿಸಿಕೊಂಡಳು. ಆ ಹೆಂಗಸಿನ ಮೇಲೆ ನಾನು ವಾರಗಟ್ಟಲೆ ಹಲ್ಲು ಕಡಿದೆ.

ದೀಪಾವಳಿ ಆದಮೇಲೆ ಅವಳನ್ನು ಗಂಡನ ಮನೆಗೆ ಕಳಿಸಿದೆವು. ನಮ್ಮಲ್ಲಿ ಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಮಡಿಲಿಗೆ ತುಂಬಲು ಕೂಸು ಇರಲಿಲ್ಲ, ಅಕ್ಕಿ ಬೆಲ್ಲದ ಜೊತೆ ಏನಾದರೂ ಇರಲಿ ಅಂತ ನನ್ನ ಗುಂಡಿಯ ಮರಿಗೆಡ್ಡೆಗಳನ್ನು ಬೂದಿಯಲ್ಲಿ ಹೊರಳಿಸಿ ಗಂಟು ಕಟ್ಟಿಕೊಟ್ಟೆ. ಬಚ್ಚಲಿಗೆ ಮಾತ್ರ ನೆಡಬೇಡ, ನನ್ನ ಹಾಗೇ ತಿಳಿನೀರಿನ ಗುಂಡಿ ಮಾಡಿ ನೆಡು ಅಂದೆ. ಅವರ ಊರಿಗೆ ಇನ್ನೂ ನಾಲೆಯ ನೀರು ಬಂದಿರಲಿಲ್ಲ. ನೀರು ಬರೋಗಂಟ ಕಾಯ್ತೀನಿ ಅತ್ಗೆ ಅಂದಳು.

ಸಂಕ್ರಾಂತಿಗೆ ವಾರವಿದ್ದಾಗ ಸೊಳ್ಳೆ ಇನ್ಸ್‌ಪೆಕ್ಟರು ಊರಿಗೆ ಬಂದರು. ಖಾಕಿ ಚಡ್ಡಿ, ಹ್ಯಾಟು, ಕೈಯಲ್ಲಿ ಉದ್ದ ಹಿಡಿಯ ಬಿಳಿ ಸೌಟು. ಮನೆಮನೆಯ ನೀರು ಮೊಗೆದು ನೋಡುತ್ತಾರಂತೆ ಅಂತ ಸುದ್ದಿ. ನನಗೆ ಹಬ್ಬ. ಜ್ವರ ಕೊಳೆಯಿಂದ ಬರುತ್ತದೆ, ಕೊಳೆ ನಮ್ಮ ಬಚ್ಚಲಲ್ಲಿದೆ, ಬಚ್ಚಲು ಅತ್ತೆಯದು. ಈ ಲೆಕ್ಕವನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಒಪ್ಪಿಸಿದ್ದೆನೋ. ನಾನೇ ಬಾಗಿಲಿಗೆ ಹೋಗಿ ಅವರನ್ನು ಕರೆದೆ. ಹಿತ್ತಲಿಗೆ ದಾರಿ ತೋರಿಸಿದೆ. ಅತ್ತೆ ಹಿಂದೆಯೇ ಬಂದರು.

ಅವರು ಬಚ್ಚಲ ಗುಂಡಿಯಲ್ಲಿ ಸೌಟು ಅದ್ದಿ ಬಿಸಿಲಿಗೆ ಹಿಡಿದು ನೋಡಿದರು. ಹುಳ ಇದ್ದವು, ತಲೆಕೆಳಗಾಗಿ ನೇತಾಡುತ್ತಿದ್ದವು. ನಾನು ಅತ್ತೆಯ ಕಡೆ ತಿರುಗಿ ನೋಡಿದೆ. ಇದು ಬರೀ ಕಚ್ಚೋ ಸೊಳ್ಳೆ, ಜ್ವರದ್ದಲ್ಲ ಅಂತ ಅವರು ನೀರು ಚೆಲ್ಲಿಬಿಟ್ಟರು. ನನಗೆ ನಿರಾಸೆಯೇ ಆಯಿತು. ಆಮೇಲೆ ಅವರ ಕಣ್ಣು ಬೇಲಿಯ ಕಡೆ ಹೋಯಿತು. ಅದು ಚೊಕ್ಕಟವಾದ ನೀರು, ನಾಲೆಯದು, ಅಲ್ಲಿ ನೋಡುವಂಥದ್ದೇನಿಲ್ಲ ಅಂದೆ. ಅವರು ನನ್ನ ಚಪ್ಪಡಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಎಲೆ ಸರಿಸಿ, ಸೌಟನ್ನು ಮೆಲ್ಲಗೆ ಇಳಿಸಿದರು. ಎತ್ತಿ ನನ್ನ ಮುಖದ ಹತ್ತಿರ ಹಿಡಿದರು. ಬಿಳಿ ಸೌಟಿನ ತಿಳಿನೀರಿನಲ್ಲಿ ಕಡ್ಡಿಚೂರಿನಂಥ ಹುಳಗಳು ನೀರಿನ ಮೇಲ್ಮೈಗೆ ಅಂಟಿಕೊಂಡು ಅಡ್ಡಡ್ಡ ಮಲಗಿದ್ದವು. ಎಂಟೋ ಹತ್ತೋ ಇದ್ದವು.

"ನೋಡಿ ತಾಯಿ, ಚಳಿಜ್ವರದ ಸೊಳ್ಳೆ ಇದು. ಬಚ್ಚಲ ಕೊಳಕು ಇದಕ್ಕೆ ಆಗಿಬರಲ್ಲ. ಇಂಥಾ ತಿಳಿನೀರೇ ಬೇಕು," ಅಂದರು. ಈ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತಾ ಅಂತ ಕೇಳಿದರು.

ನಾನು ಅವರು ಕೂತಿದ್ದ ಚಪ್ಪಡಿಯನ್ನೇ ನೋಡಿದೆ, ನಾದಿನಿ ದಿನಾ ಸಂಜೆ ಕೂರುತ್ತಿದ್ದದ್ದು ಅದರ ಮೇಲೆಯೇ. ಅತ್ತೆಯೇ ಮುಂದೆ ಬಂದು, ಊರಿಗೆಲ್ಲ ಬಂದಹಾಗೆ ನಮಗೂ ಬಂದಿತ್ತು ಅಂತಷ್ಟೇ ಹೇಳಿ ಅವರನ್ನು ಸಾಗಹಾಕಿದರು. ಅವರು ಹೋದಮೇಲೆ ಕಂಡಿಗೆ ಮಣ್ಣು ಬಡಿದು ಮುಚ್ಚಿದರು. ಗುದ್ದಲಿ ತಂದು, ಸೀರೆ ಎತ್ತಿಕಟ್ಟಿ, ನನ್ನ ಗುಂಡಿಯನ್ನು ಕೆಸದ ಸಮೇತ ಮುಚ್ಚತೊಡಗಿದರು. ನಾನು ಕೈ ಹಾಕಲೂ ಇಲ್ಲ, ತಡೆಯಲೂ ಇಲ್ಲ. ಕೊನೆಯ ಗುದ್ದಲಿ ಮಣ್ಣು ಎಳೆದು ಅವರು ಬೆವರು ಒರೆಸಿಕೊಂಡರು.

"ಇದು ನಿನ್ನೊಟ್ಟೇಲಿ, ನನ್ನೊಟ್ಟೇಲಿ ಇರ್ಲಿ ಕಣವ್ವ. ನಮ್ಮನೇಲಿ ಇಂಗಾಯ್ತು ಅಂತ ಅವ್ಳ ಅತ್ತೆಗೆ ಗೊತ್ತಾದ್ರೆ ನನ್ ಮಗ್ಳನ್ನ ಇನ್ಯಾವತ್ತೂ ತವ್ರಿಗೆ ಕಳ್ಸಾಕಿಲ್ಲ."

ಬೈಯಲಿಲ್ಲ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನು ಅತ್ತಾದರೂ ಅಳುತ್ತಿದ್ದೆ. ಮೊದಲಿಂದಲೂ ನಾನು ಸಣ್ಣತನದವರು ಅಂದುಕೊಂಡಿದ್ದ ಈ ಹೆಂಗಸು ನನ್ನನ್ನು ಹೀಗೆ ಕಾಯುತ್ತಾರೆ ಅನ್ನುವುದೇ ನನಗೆ ನಂಬಲಾಗದೆ ಹೋಯಿತು. ಮಗಳ ಮೇಲಿನ ದೋಷ ಹಾಗೇ ಉಳಿಯುತ್ತದಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ನಾನು ಆಗಲಿ ಅಂದೆ. ಮನಸ್ಸಿಗೆ ಹಗುರವಾಯಿತು ಅಂತ ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಅದೇ.

ಕೊಟ್ಟು ಕಳಿಸಿದ ಮರಿಗೆಡ್ಡೆ ನೆನಪಾಗಲಿಲ್ಲವೇ? ಆಯಿತು. ಅದೇ ವಾರ ಒಂದು ಮಧ್ಯಾಹ್ನ ಗೆಡ್ಡೆ ಸುಲಿಯುತ್ತಿದ್ದಾಗ ಥಟ್ಟನೆ ನೆನಪಾಗಿ ಕತ್ತಿ ಕೆಳಗಿಟ್ಟೆ. ಅವರ ಊರಿಗೆ ನಾಲೆ ಎಲ್ಲಿ ಬಂದಿದೆ, ಗುಂಡಿ ಎಲ್ಲಿಂದ ಮಾಡುತ್ತಾಳೆ, ಗೆಡ್ಡೆ ಒಣಗಿಹೋಗಿರುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಗೆಡ್ಡೆ ಸುಲಿಯುವುದನ್ನು ಮುಂದುವರಿಸಿದೆ. ಹೇಳಿ ಕಳಿಸಬಹುದಿತ್ತು. ಹೇಳಿ ಕಳಿಸಿದರೆ ಯಾಕೆ ಅಂತ ಕೇಳುತ್ತಾಳೆ. ಯಾಕೆ ಅಂದರೆ ಎಲ್ಲವನ್ನೂ ಹೇಳಬೇಕು.

ಆಷಾಢದ ಕೊನೆಗೆ ಮಳವಳ್ಳಿ ಸಂತೆಯಿಂದ ಬಂದವರೊಬ್ಬರು ಸುದ್ದಿ ತಂದರು. ನಾದಿನಿ ಮತ್ತೆ ಬಸುರಾಗಿದ್ದಳಂತೆ. ನಮಗೆ ಹೇಳಿಯೇ ಇರಲಿಲ್ಲ, ಗಟ್ಟಿಯಾಗಲಿ ಅಂತ ಕಾದಿದ್ದರೇನೋ. ಜ್ವರ ಬಂದು ನಾಲ್ಕು ತಿಂಗಳದ್ದು ಹೋಯಿತಂತೆ. ಮಗನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರಂತೆ. ಸುದ್ದಿ ತಂದವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. ಅತ್ತೆ ಕೂತಲ್ಲಿಂದ ಏಳಲಿಲ್ಲ. ನನಗೆ ಕೇಳಿಸಿದ್ದು ಜ್ವರ ಅನ್ನುವ ಒಂದೇ ಮಾತು.

ಮಾರನೆಯ ಬೆಳಿಗ್ಗೆ ನಾವಿಬ್ಬರೇ ಹೊರಟೆವು. ಪೆಟ್ರೋಲಿಲ್ಲದ ಕಾಲ, ಬಸ್ಸು ಓಡಿಸಲು ಅದರ ಹಿಂದೆ ಇದ್ದಿಲ ಒಲೆ ಕಟ್ಟಿರುತ್ತಿದ್ದರು. ಏರು ಬಂದಲ್ಲೆಲ್ಲ ಇಳಿದು ನಡೆಯಬೇಕು. ದಾರಿಯುದ್ದಕ್ಕೂ ಅತ್ತೆ ಬೀಗಿತ್ತಿಯ ಕಾಲು ಹಿಡಿಯುವ ಮಾತಾಡಿದರು. ನಾನು, ಎಲ್ಲವನ್ನೂ ಹೇಳಿಬಿಡುತ್ತೇನೆ ಅತ್ತೆ, ಮೊದಲ ಕೂಸು ಹೋದದ್ದು ನನ್ನ ಗುಂಡಿಯಿಂದ ಅಂತ ಹೇಳಿದರೆ ಅವಳ ಮೇಲಿನ ದೋಷ ಹೋಗುತ್ತೆ, ಹೊರಿಸುವುದಿದ್ದರೆ ನನ್ನ ಮೇಲೆ ಹೊರಿಸಲಿ ಅಂದೆ. ಊರು ಹತ್ತಿರವಾದಾಗ ಅವರು ಆಗಲಿ ಅಂತ ತಲೆಯಾಡಿಸಿದರು. ಬಸ್ಸಿಳಿದು ನಡೆಯುವಾಗ ದಾರಿಯ ಪಕ್ಕ ಹೊಸ ಮಣ್ಣಿನ ಏರಿಗಳ ನಡುವೆ ನಾಲೆಯ ನೀರು ಹರಿಯುತ್ತಿತ್ತು. ಅದನ್ನು ನೋಡಿ ನನ್ನ ನಡಿಗೆ ಓಟವಾಯಿತು.

ಮನೆಯ ಮುಂದೆ ಯಾರೂ ಇರಲಿಲ್ಲ. ನಾನು ಬಾಗಿಲಲ್ಲಿ ಕಾಲು ತೊಳೆಯಲೂ ನಿಲ್ಲದೆ ಪಕ್ಕದ ಸಂದಿಯಿಂದ ಹಿತ್ತಲಿಗೆ ನುಗ್ಗಿದೆ.

ಬೇಲಿಯ ಪಕ್ಕ, ಮೊಣಕಾಲುದ್ದದ ಗುಂಡಿ. ಸುತ್ತ ಕೆಸ, ನನ್ನದೇ ಕೆಸ, ಸೊಂಟದೆತ್ತರ. ಬೇಲಿಯ ಕೆಳಗೆ ಕಂಡಿ. ತಳದ ಹರಳು ಕಾಣುವಂಥ ನೀರು. ಗುಂಡಿಯ ಅಂಚಿಗೆ ಚಪ್ಪಡಿ ಕಲ್ಲು, ಅದೂ ನಾನು ಇಟ್ಟ ದಿಕ್ಕಿಗೇ. ಅದರ ಮೇಲೆ ನಾದಿನಿ ಕಾಲು ನೀರಲ್ಲಿ ಬಿಟ್ಟುಕೊಂಡು ಕೂತಿದ್ದಳು. ಸೊರಗಿ ಅರ್ಧವಾಗಿದ್ದಳು. ನನ್ನನ್ನು ನೋಡಿದ ಕೂಡಲೇ ಅವಳ ಮುಖ ಅರಳಿತು.

"ನೋಡು ಅತ್ಗೆ, ನೀನು ಏಳ್ದಂಗೇ ಮಾಡಿವ್ನಿ," ಅಂದಳು.

ನಾನು ಏನು ಕೂಗಿದೆನೋ ನನಗೆ ಗೊತ್ತಿಲ್ಲ. ಅವಳ ರಟ್ಟೆ ಹಿಡಿದು ಎಳೆದು ನೀರಿನಿಂದ ಹೊರಗೆ ಹಾಕಿದೆ. ಗುದ್ದಲಿಗೆ ಕಾಯಲಿಲ್ಲ, ಕೈಯಲ್ಲೇ ಏರಿಯ ಮಣ್ಣು ಬಾಚಿ ಕಂಡಿಗೆ ತುಂಬಿದೆ, ಕೆಸವನ್ನು ಬುಡಸಮೇತ ಕಿತ್ತೆಸೆದೆ. ಗದ್ದಲಕ್ಕೆ ಅವಳ ಅತ್ತೆ ಹೊರಗೆ ಬಂದರು, ಹಿಂದೆ ನನ್ನ ಅತ್ತೆ. ಕೆಸರು ಮೆತ್ತಿದ ಕೈಯಲ್ಲೇ ಅವರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಬಚ್ಚಲ ನೀರಿಗೆ ನಾನು ಹೇಸಿದ್ದು, ನಾಲೆಯ ನೀರು ತಂದದ್ದು, ಇವಳನ್ನು ದಿನಾ ಸಂಜೆ ಅಲ್ಲಿ ಕೂರಿಸಿದ್ದು, ಬಿಳಿ ಸೌಟಿನಲ್ಲಿ ಮಲಗಿದ್ದ ಹುಳ, ನಾವು ಬಾಯಿ ಮುಚ್ಚಿಕೊಂಡದ್ದು. ಇವಳ ಹೊಟ್ಟೆಯಲ್ಲಿ ದೋಷವಿಲ್ಲ, ಎರಡು ಸಲವೂ ಜ್ವರವೇ ಮಗುವನ್ನು ತೆಗೆದದ್ದು ಅಂದೆ. ಆ ಹೆಂಗಸು ನನ್ನ ಕೆನ್ನೆಗೆ ಬಾರಿಸುತ್ತಾರೆ ಅಂತ ಕಾಯುತ್ತಿದ್ದೆ. ಅವರು ಗುಂಡಿಯನ್ನು ಒಮ್ಮೆ ನೋಡಿ, ತಾವೇ ಒಳಗೆ ಹೋಗಿ ಗುದ್ದಲಿ ತಂದರು. ಬೇರೆ ಹೆಣ್ಣಿನ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ನಾದಿನಿಗೆ ಹೆಣ್ಣುಮಗು ಹುಟ್ಟಿತು, ನಮ್ಮ ಮನೆಯಲ್ಲೇ ಹುಟ್ಟಿತು. ನನ್ನ ಬಚ್ಚಲ ಹಿಂದಿನ ಕೆಸವನ್ನು ನಾನು ಈಗಲೂ ಯಾರಿಗೂ ಕಿತ್ತುಹಾಕಲು ಬಿಡುವುದಿಲ್ಲ.

ಆದರೆ ಆ ದಿನದ ಒಂದು ಮಾತು ಉಳಿದಿದೆ. ಹಿರಿಯರಿಬ್ಬರೂ ಮಣ್ಣೆಳೆಯುತ್ತಿದ್ದರು. ನಾದಿನಿ ಒದ್ದೆ ಕಾಲಲ್ಲೇ ನಿಂತಿದ್ದಳು. ಅಳಲಿಲ್ಲ, ನನ್ನನ್ನು ಬೈಯಲಿಲ್ಲ.

"ನಿಂಗೆ ಯಾವಾಗ ಗೊತ್ತಾಯ್ತು ಅತ್ಗೆ?" ಅಂತ ಕೇಳಿದಳು.

ಸಂಕ್ರಾಂತಿಗೆ ಮುಂಚೆ ಅಂದೆ.

ಅವಳು ಹೆಬ್ಬೆರಳಿಂದ ಬೆರಳ ಗೆಣ್ಣು ಮುಟ್ಟುತ್ತಾ ಎಣಿಸಿದಳು. ಸಂಕ್ರಾಂತಿ, ಸಿವ್ರಾತ್ರಿ, ಯುಗಾದಿ. ಮೂರನೆಯ ಗೆಣ್ಣಿನ ಮೇಲೆ ಅವಳ ಹೆಬ್ಬೆರಳು ನಿಂತಿತು.

"ನಮ್ಮೂರ್ಗೆ ನೀರು ಬಂದಿದ್ದು ಯುಗಾದಿ ಆದ್ಮೇಲೆ," ಅಂದಳು. "ಅಲ್ಲೀಗಂಟ ನಿನ್ ಗೆಡ್ಡೆ ಬೂದೀಲೇ ಇದ್ವು."